ಬೀಗ ಬಿದ್ದ ಶೆಡ್ಡಿನಲ್ಲಿ ಏನನ್ನು ಹುಡುಕಬೇಕು?

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಬೀಗ ಬಿದ್ದ ಶೆಡ್ಡುಗಳಿಗೆ ಬರವಿಲ್ಲ. ಮಗ ಸಾಫ್ಟ್‌ವೇರ್ ಕೆಲಸ ಹಿಡಿದ, ಅಪ್ಪನ ಕೈಲಾಗಲಿಲ್ಲ ಎಂದು ಮುಚ್ಚಿದವು ಕೆಲವು. ಸಾಲ ತೀರದೆ ಬ್ಯಾಂಕಿನ ಪಾಲಾದವು ಕೆಲವು. ಮೆಟ್ರೊ ಬಂದ ಮೇಲೆ ಯಂತ್ರ ಓಡಿಸುವುದಕ್ಕಿಂತ ಜಾಗ ಇಟ್ಟುಕೊಂಡು ಕೂರುವುದೇ ಲಾಭ ಎಂದು ನಿಂತವು ಇನ್ನು ಕೆಲವು. ಇಂಥ ಜಾಗ ಕೈ ಬದಲಾಗುವ ಮೊದಲು ಅದರ ಮಣ್ಣಿನಲ್ಲಿ, ಅದರಡಿಯ ನೀರಿನಲ್ಲಿ ಹಳೆಯ ವಿಷ ಉಳಿದಿದೆಯೇ ಎಂದು ನೋಡಿ ಹೇಳುವುದು ನನ್ನ ಕೆಲಸ.

ಈ ಕಸುಬು ಹುಟ್ಟಿದ್ದು ಅಮೆರಿಕದಲ್ಲಿ. ನಯಾಗರಾ ಫಾಲ್ಸ್ ಊರಿನಲ್ಲಿ ಹೂಕರ್ ಎಂಬ ರಾಸಾಯನಿಕ ಕಂಪನಿ ಸುಮಾರು 21,000 ಟನ್ ತ್ಯಾಜ್ಯ ಹೂತಿದ್ದ ಲವ್ ಕೆನಾಲ್ ಜಾಗವನ್ನು 1953ರಲ್ಲಿ ಶಾಲಾ ಮಂಡಳಿಗೆ ಒಂದು ಡಾಲರಿಗೆ ಬರೆದುಕೊಟ್ಟಿತು. ಶಾಲೆ ಎದ್ದಿತು, ಸುತ್ತ ಮನೆಗಳಾದವು. 1978ರಲ್ಲಿ ಅಲ್ಲಿನ ಜನರನ್ನು ಎಬ್ಬಿಸಿ ಕಳಿಸಬೇಕಾಯಿತು. ಅದರ ಬೆನ್ನಿಗೆ 1980ರಲ್ಲಿ ಬಂದ ಸೂಪರ್‌ಫಂಡ್ ಕಾಯ್ದೆ, ಮಲಿನ ಜಾಗದ ಇಂದಿನ ಮಾಲೀಕನೂ ಶುದ್ಧೀಕರಣದ ಖರ್ಚಿಗೆ ಹೊಣೆ ಎಂದಿತು. ಕೊಳ್ಳುವ ಮುಂಚೆ ತಕ್ಕ ವಿಚಾರಣೆ ಮಾಡಿದ್ದೆ ಎಂದು ತೋರಿಸಬಲ್ಲವನಿಗೆ ಮಾತ್ರ ರಕ್ಷಣೆ ಸಿಗುವಂತಾಯಿತು. ಆ ವಿಚಾರಣೆಯೇ ‘ಫೇಸ್ ಒನ್’: ಕಾಗದ ಓದುವುದು, ಜಾಗ ನೋಡುವುದು, ಜನರನ್ನು ಮಾತಾಡಿಸುವುದು. ಅನುಮಾನ ಗಟ್ಟಿಯಾದರೆ ‘ಫೇಸ್ ಟು’, ಅಂದರೆ ಮಣ್ಣು ನೀರು ತೆಗೆದು ಪರೀಕ್ಷೆ. ಬೆಂಗಳೂರಿಗೆ ಇದನ್ನು ತಂದವು ವಿದೇಶಿ ಕಂಪನಿಗಳು. ಈಗ ನಮ್ಮ ಬಿಲ್ಡರುಗಳೂ ಅಲ್ಲೊಬ್ಬರು ಇಲ್ಲೊಬ್ಬರು ಕೇಳತೊಡಗಿದ್ದಾರೆ.

ಈ ಕೆಲಸಕ್ಕೆ ಹೊಸದಾಗಿ ಬರುವವರಿಗೂ, ಇಂಥ ಜಾಗ ಕೊಳ್ಳಲು ಹೊರಟವರಿಗೂ ಉಪಯೋಗವಾಗಬಹುದಾದ ಕೆಲವು ಪಾಠಗಳು ಇಲ್ಲಿವೆ.

1. ಕಾಗದ ಓದದೆ ಗೇಟು ದಾಟಬೇಡಿ

ಮಾಲಿನ್ಯ ನಿಯಂತ್ರಣ ಮಂಡಳಿ ಕೊಡುವ ಸಮ್ಮತಿ ಪತ್ರ, ಎಲ್ಲರ ಬಾಯಲ್ಲೂ ‘ಕನ್ಸೆಂಟು’, ಕಾರ್ಖಾನೆಯ ಜಾತಕವೇ ಸರಿ. ಏನು ತಯಾರಿಸುತ್ತಿದ್ದರು, ದಿನಕ್ಕೆ ಎಷ್ಟು ನೀರು ಬಳಸುತ್ತಿದ್ದರು, ಎಷ್ಟು ಕೊಳೆನೀರು ಬಿಡುತ್ತಿದ್ದರು ಎಲ್ಲ ಅದರಲ್ಲಿರುತ್ತದೆ. ಒಳಗೆ ಬಂದ ನೀರಿಗೂ ಹೊರಗೆ ಹೋದ ನೀರಿಗೂ ತಾಳೆ ನೋಡಿ. ತಾಳೆಯಾಗದ ನೀರು ನೆಲಕ್ಕೆ ಇಳಿದಿರಬಹುದು.

ಆಮೇಲೆ ಅಪಾಯಕಾರಿ ತ್ಯಾಜ್ಯದ ಕಾಗದಗಳು. ಈಗಿನ 2016ರ ನಿಯಮದ ಪ್ರಕಾರ ವರ್ಷಕ್ಕೊಮ್ಮೆ ಫಾರಂ 4ರಲ್ಲಿ ಲೆಕ್ಕ ಒಪ್ಪಿಸಬೇಕು, ಲಾರಿಯಲ್ಲಿ ಹೊರಟ ಪ್ರತಿ ಲೋಡಿಗೂ ಫಾರಂ 10 ಇರಬೇಕು. ವರ್ಷಗಟ್ಟಲೆ ಕ್ರೋಮ್ ಪ್ಲೇಟಿಂಗ್ ಮಾಡಿದ ಘಟಕದಿಂದ ದಾಬಸ್‌ಪೇಟೆಯ ವಿಲೇವಾರಿ ಘಟಕಕ್ಕೆ ಒಂದು ಲೋಡು ಕೆಸರೂ ಹೋಗಿಲ್ಲ ಎಂದರೆ ಆ ಕೆಸರು ಬೇರೆಲ್ಲೋ ಇದೆ, ಬಹುಶಃ ನೀವು ನಿಂತಿರುವ ಕಾಂಪೌಂಡಿನೊಳಗೇ. ಜಲ ಮಾಲಿನ್ಯ ಕಾಯ್ದೆ ಬಂದದ್ದು 1974ರಲ್ಲಿ, ಅಪಾಯಕಾರಿ ತ್ಯಾಜ್ಯದ ಮೊದಲ ನಿಯಮ 1989ರಲ್ಲಿ. ಅದಕ್ಕೂ ಹಿಂದಿನ ಕೆಸರಿಗೆ ಲೆಕ್ಕ ಕೇಳುವವರೇ ಇರಲಿಲ್ಲ. ಹಳೆಯ ಕಾರ್ಖಾನೆಯಾದಷ್ಟೂ ಕಾಗದ ಕಡಿಮೆ, ಅನುಮಾನ ಜಾಸ್ತಿ.

ನಾನು ತಪ್ಪದೆ ಕೇಳುವ ಇನ್ನೊಂದು ಕಾಗದ ಕೆಮಿಕಲ್ ಖರೀದಿಯ ಬಿಲ್ಲು. ಕ್ರೋಮಿಯಂ ಇರುವ ನೀರನ್ನು ಶುದ್ಧ ಮಾಡಬೇಕಾದರೆ ಆಮ್ಲ ಸೇರಿಸಿ, ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿ, ಹೆಕ್ಸಾವಲೆಂಟ್ ಕ್ರೋಮಿಯಮ್ಮನ್ನು ಕಡಿಮೆ ವಿಷದ ಟ್ರೈವಲೆಂಟ್ ರೂಪಕ್ಕೆ ಇಳಿಸಬೇಕು. ಆಮೇಲೆ ಸುಣ್ಣ ಹಾಕಿದರೆ ಅದು ಕೆಸರಾಗಿ ತಳಕ್ಕೆ ಕೂರುತ್ತದೆ. ಅಂಗಳದಲ್ಲಿ ಹಸಿರು ಬಣ್ಣ ಬಳಿದ ಚೆಂದದ ಇಟಿಪಿ, ಅಂದರೆ ಕೊಳೆನೀರು ಶುದ್ಧೀಕರಣ ಘಟಕ, ನಿಂತಿದೆ, ಆದರೆ ಬೈಸಲ್ಫೈಟ್ ಕೊಂಡ ಒಂದೇ ಒಂದು ಬಿಲ್ಲಿಲ್ಲ ಎಂದರೆ ಆ ಇಟಿಪಿ ಇನ್‌ಸ್ಪೆಕ್ಷನ್ ದಿನಕ್ಕೆಂದು ಕಟ್ಟಿದ್ದು.

2. ಗೇಟಿನ ಮೇಲಿನ ಬೋರ್ಡು ನಂಬಬೇಡಿ

‘ಇಂಜಿನಿಯರಿಂಗ್ ವರ್ಕ್ಸ್’ ಎಂಬ ಬೋರ್ಡಿನ ಹಿಂದೆ ಏನು ಬೇಕಾದರೂ ನಡೆದಿರಬಹುದು. ಋಣಭಾರ ಪತ್ರ ತೆಗೆಸಿದರೆ ಮಾಲೀಕರ ಹೆಸರು ಸಾಲಾಗಿ ಬರುತ್ತದೆ, ಬಾಡಿಗೆಗೆ ಇದ್ದವರದು ಬರುವುದು ಅಪರೂಪ. ಒಂದೇ ಶೆಡ್ಡನ್ನು ನಡುವೆ ಗೋಡೆ ಎಬ್ಬಿಸಿ ಮೂರು ನಾಲ್ಕು ಜನಕ್ಕೆ ಕೊಡುವುದು ಕೈಗಾರಿಕಾ ಪ್ರದೇಶಗಳಲ್ಲಿ ಮಾಮೂಲು. ಒಬ್ಬ ಪೌಡರ್ ಕೋಟಿಂಗ್, ಪಕ್ಕದವನು ಹೀಟ್ ಟ್ರೀಟ್‌ಮೆಂಟ್, ಮೂಲೆಯಲ್ಲಿ ಒಬ್ಬ ಸೈನೈಡ್ ತೊಟ್ಟಿ ಇಟ್ಟುಕೊಂಡು ಜಿಂಕ್ ಪ್ಲೇಟಿಂಗ್. ಮಾಲೀಕರು ತಮ್ಮ ಕಾಲದ ಲೇತ್ ಮಷಿನ್ ಕಥೆಯನ್ನು ಪ್ರಾಮಾಣಿಕವಾಗಿಯೇ ಹೇಳುತ್ತಿರುತ್ತಾರೆ. ಹಿಂದಿನ ಹತ್ತು ವರ್ಷದ ಬಾಡಿಗೆದಾರರ ಕಥೆ ವಿದ್ಯುತ್ ಮೀಟರುಗಳ ಸಂಖ್ಯೆಯಲ್ಲಿ, ಗೋಡೆಯಲ್ಲಿ ಕೊರೆದ ಪೈಪಿನ ತೂತುಗಳಲ್ಲಿ ಉಳಿದಿರುತ್ತದೆ.

ಗೂಗಲ್ ಅರ್ಥ್‌ನಲ್ಲಿ ಹಳೆಯ ಉಪಗ್ರಹ ಚಿತ್ರಗಳನ್ನು ಒಂದೊಂದಾಗಿ ಹಿಂದಕ್ಕೆ ಸರಿಸಿ ನೋಡುವುದನ್ನೂ ಮರೆಯಬೇಡಿ. ಹಿತ್ತಿಲಲ್ಲಿ ಡ್ರಮ್ಮುಗಳ ಸಾಲು, ಇದ್ದಕ್ಕಿದ್ದಂತೆ ಮಾಯವಾದ ಹೊಂಡ ಮೇಲಿನಿಂದಲೇ ಕಾಣುತ್ತವೆ.

3. ನೀರು ಯಾವ ಕಡೆ ಹೋಗುತ್ತಿತ್ತು ಎಂದು ಕೇಳಿ

‘ಇಲ್ಲಿ ಮಾಲಿನ್ಯ ಆಗಿತ್ತಾ?’ ಎಂದು ಕೇಳಿದರೆ ಯಾರೂ ಹೌದು ಅನ್ನುವುದಿಲ್ಲ. ನನ್ನ ಪ್ರಶ್ನೆಗಳೆಲ್ಲ ನೀರಿನ ಸುತ್ತಲೇ ಇರುತ್ತವೆ, ಕೇಳುವುದು ಮಾಲೀಕರನ್ನಲ್ಲ. ಎದುರಿನ ಟೀ ಅಂಗಡಿಯಲ್ಲಿ, ಹತ್ತಿರದ ವಠಾರದಲ್ಲಿ, ಹಿಂದೆ ಅಲ್ಲೇ ದುಡಿದ ಒಬ್ಬರಾದರೂ ಸಿಗುತ್ತಾರೆ. ಮಂಡ್ಯದ ಕಡೆಯಿಂದ ಬಂದು ಪ್ಲೇಟಿಂಗ್ ಶಾಪಿನಲ್ಲೇ ತಲೆ ನರೆಸಿಕೊಂಡ ಹಿರಿಯರೊಬ್ಬರ ಜೊತೆ ನಡೆದ ಮಾತು ಹೀಗಿತ್ತು:

‘ಯಜಮಾನ್ರೇ, ತೊಟ್ಟಿ ತೊಳೆದ ನೀರು ಎಲ್ಲಿಗ್ ಹೋಗ್ತಿತ್ತು?’

‘ಇಟಿಪಿಗೆ ಸಾರ್.’

‘ಕರೆಂಟ್ ಇಲ್ದಾಗ?’

ಅವರು ನಕ್ಕರು. ‘ಕರೆಂಟ್ ಇಲ್ದಾಗ ಇನ್ನೆಲ್ಲಿಗ್ ಹೋಗುತ್ತೆ, ಇಳಿಜಾರಿರೋ ಕಡೆ ಹೋಗುತ್ತೆ. ಹಿಂದ್ಗಡೆ ಬತ್ತೋಗಿದ್ ಬೋರ್ ಒಂದಿತ್ತಲ್ಲ, ಕೊನೆಕೊನೆಗೆ ಅದಕ್ಕೇ ಪೈಪ್ ಕೊಟ್ಬಿಟ್ಟಿದ್ರು.’

ಆ ಕೊನೆಯ ವಾಕ್ಯಕ್ಕೆ ಸಮನಾದದ್ದು ಯಾವ ಕಡತದಲ್ಲೂ ಸಿಗುವುದಿಲ್ಲ. ಇಂಥವರ ಕೈ ನೋಡಿ: ಕ್ರೋಮಿಕ್ ಆಮ್ಲದಲ್ಲಿ ಕೆಲಸ ಮಾಡಿದವರ ಬೆರಳ ಗೆಣ್ಣುಗಳ ಮೇಲೆ ಹಳೆಯ ಹುಣ್ಣಿನ ಕುಳಿ ಇರುತ್ತದೆ. ಮೂಗಿನ ನಡುಗೋಡೆಯೇ ತೂತಾದವರೂ ಇದ್ದಾರೆ. ಅವರ ಹೆಸರನ್ನು ವರದಿಯಲ್ಲಿ ಹಾಕಬೇಡಿ. ‘ಮಾಜಿ ಕಾರ್ಮಿಕ’ ಅಂದರೆ ಸಾಕು.

4. ನೆಲವನ್ನು ಎರಡು ಕಾಲದಲ್ಲಿ ನೋಡಿ

ಬೇಸಿಗೆಯಲ್ಲಿ ಒಮ್ಮೆ, ಒಳ್ಳೆ ಮಳೆ ಬಿದ್ದ ಮಾರನೆಯ ದಿನ ಇನ್ನೊಮ್ಮೆ. ಬೇಸಿಗೆಯಲ್ಲಿ ಗೋಡೆಯ ಬುಡದಲ್ಲಿ, ಗಾರೆ ಬಿಟ್ಟ ಜಾಗದಲ್ಲಿ ಹಳದಿ ಪುಡಿ ಹೂವಿನಂತೆ ಅರಳಿರುತ್ತದೆ. ನೆಲದೊಳಗಿನ ಕ್ರೋಮೇಟನ್ನು ತೇವ ಮೇಲಕ್ಕೆಳೆದು, ನೀರು ಆರಿ, ಉಪ್ಪು ಉಳಿದದ್ದು ಅದು. ಬರಿಗೈಯಲ್ಲಿ ಮುಟ್ಟಬೇಡಿ. ಮಳೆಯ ನಂತರ ಅದೇ ಜಾಗದ ಗುಂಡಿಯಲ್ಲಿ ನಿಂತ ನೀರಿಗೆ ನಿಂಬೆ ಶರಬತ್ತಿನ ಬಣ್ಣ ಬಂದಿರುತ್ತದೆ. ಸ್ವಲ್ಪ ನೀರಿಗೆ ಆಮ್ಲ ಸೇರಿಸಿ ಡೈಫಿನೈಲ್‌ಕಾರ್ಬಜೈಡ್ ಹಾಕಿದರೆ ನೇರಳೆಗೆಂಪಾಗುತ್ತದೆ. ಈ ಸಣ್ಣ ಕಿಟ್ಟು ನನ್ನ ಚೀಲದಲ್ಲಿ ಯಾವಾಗಲೂ ಇರುತ್ತದೆ.

ಸಿಮೆಂಟು ಕರಗಿ ಜಲ್ಲಿ ಎದ್ದ ನೆಲ ಇದ್ದರೆ ಅಲ್ಲಿ ಆಮ್ಲದ ತೊಟ್ಟಿ ಇತ್ತು. ಹಸಿರು ಕಲೆ ತಾಮ್ರದ್ದೋ ನಿಕಲ್‌ದೋ ಆಗಿರಬಹುದು. ಸುತ್ತ ಪಾರ್ಥೇನಿಯಂ ಎದೆ ಮಟ್ಟ ಬೆಳೆದು ನಡುವೆ ಒಂದು ಪಟ್ಟಿಯಲ್ಲಿ ಏನೂ ಬೆಳೆದಿಲ್ಲ ಎಂದರೆ ಆ ಪಟ್ಟಿಯ ಜಾಡು ಹಿಡಿದು ಹೋಗಿ, ಹಳೆಯ ಚರಂಡಿ ಸಿಗುತ್ತದೆ.

ಬಣ್ಣವನ್ನೇ ನಂಬಿ ಕೂತರೂ ಕೆಡುತ್ತೀರಿ. ಪ್ಲೇಟಿಂಗಿಗೆ ಮುಂಚೆ ಲೋಹದ ಮೇಲಿನ ಗ್ರೀಸು ತೆಗೆಯಲು ಬಳಸುತ್ತಿದ್ದ ಟ್ರೈಕ್ಲೋರೊಎಥಿಲೀನ್‌ಗೆ ಬಣ್ಣವಿಲ್ಲ. ಕಾರ್ಮಿಕರು ‘ಟ್ರೈಕ್ಲೋರ್’ ಅನ್ನುತ್ತಾರೆ. ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರವಾದ ಈ ದ್ರವ ಅಂತರ್ಜಲದ ಮೇಲೆ ತೇಲದೆ ಅದನ್ನೂ ದಾಟಿ ಕೆಳಗೆ ಇಳಿಯುತ್ತದೆ. ಕ್ಯಾನ್ಸರ್‌ಕಾರಕ ಎಂದು ಖಚಿತವಾಗಿರುವ ಇದಕ್ಕೆ ಅಮೆರಿಕದಲ್ಲಿ ಕುಡಿಯುವ ನೀರಿನ ಮಿತಿ ಲೀಟರಿಗೆ 5 ಮೈಕ್ರೊಗ್ರಾಂ. ನಮ್ಮ ಲ್ಯಾಬುಗಳ ಮಾಮೂಲಿ ನೀರಿನ ಪರೀಕ್ಷೆಯ ಪಟ್ಟಿಯಲ್ಲಿ ಇದರ ಹೆಸರು ಇರುವುದಿಲ್ಲ. ಬಾಯಿಬಿಟ್ಟು ಕೇಳಿದರೆ ಮಾತ್ರ ಮಾಡಿಕೊಡುತ್ತಾರೆ.

5. ಒಂದು ಬೋರ್ ಚೆನ್ನಾಗಿದೆ ಎಂದರೆ ಆ ಒಂದು ಬೋರ್ ಚೆನ್ನಾಗಿದೆ, ಅಷ್ಟೇ

ಬೆಂಗಳೂರಿನ ಅಡಿಪಾಯ ನೈಸ್ ಬಂಡೆ. ಮೇಲೆ ಕೆಂಪು ಮಣ್ಣು, ಅದರಡಿ ಶಿಥಿಲವಾದ ಕಲ್ಲು, ಇನ್ನೂ ಕೆಳಗೆ ಗಟ್ಟಿ ಬಂಡೆ ಮತ್ತು ಅದರ ಬಿರುಕುಗಳು. ಮರಳು ನೆಲದಲ್ಲಿ ಹರಡುವಂತೆ ಇಲ್ಲಿ ಮಾಲಿನ್ಯ ಸಮನಾಗಿ ಹರಡುವುದಿಲ್ಲ. ಬಿರುಕು ಎತ್ತ ಹೋಗಿದೆಯೋ ವಿಷವೂ ಅತ್ತ. ಹಾಗಾಗಿ ಪಕ್ಕದ ಕಾಂಪೌಂಡಿನ ಕೊಳವೆಬಾವಿ ನೀರು ತಿಳಿಯಾಗಿದ್ದು ರಸ್ತೆಯಾಚೆ ನಾಲ್ಕನೆಯ ಮನೆಯ ಬೋರಿನಲ್ಲಿ ಹಳದಿ ನೀರು ಬಂದರೆ ಆಶ್ಚರ್ಯಪಡಬೇಕಾದ್ದಿಲ್ಲ. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಇರುವುದು ಸರ್ಕಾರಿ ಅಧ್ಯಯನಗಳಲ್ಲೇ ದಾಖಲಾಗಿದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ಒಪ್ಪುವುದು ಲೀಟರಿಗೆ 0.05 ಮಿಲಿಗ್ರಾಂ ಮಾತ್ರ.

ಬತ್ತಿದ ಕೊಳವೆಬಾವಿಗೆ ಕೊಳೆನೀರು ಬಿಡುವುದು ಈ ಉದ್ಯೋಗದಲ್ಲಿ ನಾನು ಕಂಡ ಅತಿ ಕೆಟ್ಟ ಕೆಲಸ. ಮಣ್ಣಿನ ಮೇಲೆ ಚೆಲ್ಲಿದರೆ ಮಣ್ಣಾದರೂ ಸ್ವಲ್ಪ ಹಿಡಿದಿಡುತ್ತದೆ. ಬೋರಿಗೆ ಬಿಟ್ಟರೆ ಆ ಜರಡಿಯೂ ಇಲ್ಲ, ನೇರ ಬಂಡೆಯ ಬಿರುಕಿಗೆ. ಆಮೇಲೆ ಅದನ್ನು ಹೊರತೆಗೆಯಲು ಎಷ್ಟು ಖರ್ಚಾಗುತ್ತದೆ ಎಂದು ಕೇಳಿದವರು ಜಾಗ ಕೊಳ್ಳುವ ವಿಚಾರವನ್ನೇ ಬಿಟ್ಟದ್ದುಂಟು. ಜಾಗದಲ್ಲಿರುವ ಎಲ್ಲ ಬೋರುಗಳನ್ನೂ ಎಣಿಸಿ, ಕಲ್ಲು ಚಪ್ಪಡಿ ಮುಚ್ಚಿದವನ್ನೂ ತೆಗೆಸಿ ನೋಡಿ. ಕೇಸಿಂಗ್ ಪೈಪಿನ ಬಾಯಿಯಲ್ಲಿ ಬಣ್ಣದ ಗೆರೆ ಇದೆಯೇ, ಪಕ್ಕಕ್ಕೆ ಇನ್ನೊಂದು ಪೈಪು ಸೇರಿಸಿದ ಗುರುತಿದೆಯೇ ಗಮನಿಸಿ.

6. ತೊಟ್ಟಿಯೊಳಗೆ ಯಾರನ್ನೂ ಇಳಿಸಬೇಡಿ

ಹಳೆಯ ಸಂಪು, ಇಟಿಪಿ ತೊಟ್ಟಿ, ಇಂಗುಗುಂಡಿ ಯಾವುದರೊಳಗೂ ಬೇಡ. ಸೈನೈಡ್ ಕೆಸರಿಗೆ ಆಮ್ಲ ತಗುಲಿದರೆ ಪ್ರಾಣ ತೆಗೆಯುವ ಅನಿಲ ಏಳುತ್ತದೆ. ಕೊಳೆತ ಕೆಸರಿನಲ್ಲಿ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ‘ಎರಡು ನಿಮಿಷ ಸಾರ್, ನಮ್ ಹುಡುಗ ಇಳಿದು ತೆಗೀತಾನೆ’ ಎನ್ನುವ ಮೇಸ್ತ್ರಿಗಳು ಎಲ್ಲ ಕಡೆ ಇದ್ದಾರೆ. ಮಾದರಿಯನ್ನು ಉದ್ದನೆಯ ಕೋಲಿನ ತುದಿಗೆ ಬಾಟಲಿ ಕಟ್ಟಿ ಮೇಲಿಂದಲೇ ತೆಗೆಯಬಹುದು.

7. ಲ್ಯಾಬು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತದೆ

ಜಾಗದ ನಾಲ್ಕು ಮೂಲೆ, ನಡುವೆ ಒಂದು ಎಂದು ಐದು ಮಾದರಿ ತೆಗೆಯುವ ಪದ್ಧತಿ ಎಲ್ಲಿಂದ ಬಂತೋ ಕಾಣೆ, ಹೊಲದ ಮಣ್ಣು ಪರೀಕ್ಷೆಯಿಂದ ಬಂದಿರಬೇಕು. ಹೊಲದಲ್ಲಿ ಗೊಬ್ಬರ ಎಲ್ಲ ಕಡೆ ಬಿದ್ದಿರುತ್ತದೆ, ಕಾರ್ಖಾನೆಯಲ್ಲಿ ವಿಷ ಸೋರಿದ ಕಡೆ ಮಾತ್ರ ಇರುತ್ತದೆ. ತೊಟ್ಟಿ ಇದ್ದ ಗುಂಡಿಯ ಕೆಳಗೆ, ಚರಂಡಿಯ ತಿರುವಿನಲ್ಲಿ, ಡ್ರಮ್ಮು ಉರುಳಿಸುತ್ತಿದ್ದ ಹಿತ್ತಿಲ ಬಾಗಿಲ ಬಳಿ ಅಗೆಯಿರಿ. ಹೋಲಿಕೆಗೆ ಕಾರ್ಖಾನೆಯ ಸೋಂಕು ತಾಗದ ಕಡೆಯಿಂದಲೂ ಒಂದು ಮಾದರಿ ಬೇಕು.

‘ಐದನ್ನೂ ಬೆರೆಸಿ ಒಂದೇ ಪರೀಕ್ಷೆ ಮಾಡಿಸಿ, ಖರ್ಚು ಉಳಿಯುತ್ತೆ’ ಎಂಬ ಸಲಹೆ ಗಿರಾಕಿಯಿಂದ ಬಂದೇ ಬರುತ್ತದೆ. ಒಂದರಲ್ಲಿ ಮಿತಿಯ ನಾಲ್ಕು ಪಟ್ಟು ವಿಷವಿದ್ದು ಉಳಿದ ನಾಲ್ಕರಲ್ಲಿ ಏನೂ ಇಲ್ಲದಿದ್ದರೆ ಬೆರಕೆಯಲ್ಲಿ ಬರುವ ಉತ್ತರ ಮಿತಿಯೊಳಗೇ ಇರುತ್ತದೆ. ಉಳಿತಾಯಕ್ಕಾಗಿ ಹಾಗೆ ಕೇಳುವವರು ಬಹುಪಾಲು. ಈ ಲೆಕ್ಕ ಗೊತ್ತಿದ್ದೇ ಕೇಳುವವರೂ ಇದ್ದಾರೆ.

ಬಾಟಲಿಯ ವಿಷಯದಲ್ಲೂ ಕಟ್ಟುನಿಟ್ಟಾಗಿರಬೇಕು. ಲೋಹಗಳ ಪರೀಕ್ಷೆಗೆ ತೆಗೆದ ನೀರಿಗೆ ನೈಟ್ರಿಕ್ ಆಮ್ಲ ಹಾಕಿಡುತ್ತಾರೆ. ಹೆಕ್ಸಾವಲೆಂಟ್ ಕ್ರೋಮಿಯಮ್ಮಿನ ಬಾಟಲಿಗೆ ಅದನ್ನು ಹಾಕಿದರೆ ಹುಡುಕುತ್ತಿರುವ ವಸ್ತುವೇ ದಾರಿಯಲ್ಲಿ ರೂಪ ಬದಲಿಸಬಹುದು. ಅದನ್ನು ಸೋಸಿ, ಆಮ್ಲವಿಲ್ಲದೆ, ಐಸ್ ಪೆಟ್ಟಿಗೆಯಲ್ಲಿಟ್ಟು, 24 ಗಂಟೆಯೊಳಗೆ ಪರೀಕ್ಷೆ ಆಗುವಂತೆ ಲ್ಯಾಬು ಸೇರಿಸಿ. ಶನಿವಾರ ಮಧ್ಯಾಹ್ನ ತೆಗೆದು ಸೋಮವಾರ ಕೊಡುವ ವ್ಯವಹಾರ ನಡೆಯದು. ಟ್ರೈಕ್ಲೋರ್‌ಗೆ ಸಣ್ಣ ಗಾಜಿನ ವಯಲ್ಲು, ಕಂಠಪೂರ್ತಿ ತುಂಬಿ, ಒಂದು ಗುಳ್ಳೆಯೂ ಇಲ್ಲದಂತೆ ಮುಚ್ಚಬೇಕು. ಜಾಗ ಬಿಟ್ಟರೆ ಆವಿಯಾಗಿ ಹೋಗುತ್ತದೆ.

ವರದಿ ಬಂದಾಗ ಮೊದಲು ನೋಡಬೇಕಾದ್ದು ಪತ್ತೆಮಿತಿ. ‘ಬಿಡಿಎಲ್’, ಅಂದರೆ ಪತ್ತೆಮಿತಿಗಿಂತ ಕಡಿಮೆ, ಎಂದು ಬರೆದದ್ದು ಕಂಡೊಡನೆ ಗಿರಾಕಿ ಸಿಹಿ ಹಂಚಲು ಹೊರಡುತ್ತಾರೆ. ಲ್ಯಾಬಿನ ಪತ್ತೆಮಿತಿ 0.1 ಇದ್ದು ಕಾನೂನಿನ ಮಿತಿ 0.05 ಆದರೆ ಆ ಕಾಗದಕ್ಕೆ ಬೆಲೆಯಿಲ್ಲ. ಇನ್ನೊಂದು ಗೊಂದಲ, ತ್ಯಾಜ್ಯದಿಂದ ವಿಷ ಎಷ್ಟು ಸೋರಿ ಬರುತ್ತದೆ ಎಂದು ನೋಡುವ ಟಿಸಿಎಲ್‌ಪಿ ಪರೀಕ್ಷೆಯದು. ಕ್ರೋಮಿಯಂ ಲೀಟರಿಗೆ 5 ಮಿಲಿಗ್ರಾಂ ಎಂಬ ಅದರ ಮಿತಿ, ಒಂದು ತ್ಯಾಜ್ಯ ಅಪಾಯಕಾರಿ ವರ್ಗಕ್ಕೆ ಸೇರುತ್ತದೆಯೇ ಎಂದು ತೀರ್ಮಾನಿಸಲು ಇರುವುದು. ಅದರಲ್ಲಿ ಪಾಸಾದ ಮಣ್ಣಿನ ಮೇಲೆ ಮಕ್ಕಳು ಆಡಬಹುದು ಎಂದು ಯಾರೂ ಹೇಳಿಲ್ಲ, ಹಾಗೆ ಅರ್ಥ ಮಾಡಿಕೊಂಡ ವರದಿಗಳನ್ನು ಮಾತ್ರ ಬೇಕಾದಷ್ಟು ಓದಿದ್ದೇನೆ.

8. ಗುಜರಿಯವರು ಬಂದು ಹೋದ ಮೇಲಿನ ಜಾಗಕ್ಕೆ ಅನುಮಾನ ಎರಡು ಪಟ್ಟು

ಕಾರ್ಖಾನೆ ಮುಚ್ಚಿದ ಮೇಲೆ ಮೊದಲು ಹೋಗುವುದು ತಾಮ್ರ. ತಾಮ್ರಕ್ಕಾಗಿ ಟ್ರಾನ್ಸ್‌ಫಾರ್ಮರ್ ಬಿಚ್ಚುವಾಗ ಅದರ ಎಣ್ಣೆಯನ್ನು ಅಲ್ಲೇ ಚೆಲ್ಲುತ್ತಾರೆ. ಹಳೆಯ ಎಣ್ಣೆಗಳಲ್ಲಿ ಪಾಲಿಕ್ಲೋರಿನೇಟೆಡ್ ಬೈಫಿನೈಲ್ ಇರಬಹುದು. ಅದರ ತಯಾರಿಕೆ, ಆಮದುಗಳನ್ನು ಕೇಂದ್ರ ಸರ್ಕಾರ 2016ರ ಆದೇಶದಲ್ಲಿ ನಿಷೇಧಿಸಿ, ಬಳಕೆ ನಿಲ್ಲಿಸಲು 2025ರ ಡಿಸೆಂಬರ್ 31ರ ಗಡುವು ಹಾಕಿತು. ಮಣ್ಣಿಗೆ ಬಿದ್ದದ್ದಕ್ಕೆ ಗಡುವಿಲ್ಲ. ಟ್ರಾನ್ಸ್‌ಫಾರ್ಮರ್ ಕಟ್ಟೆಯ ಸುತ್ತಲ ಕಪ್ಪು ಮಣ್ಣನ್ನು ಪರೀಕ್ಷೆಗೆ ಕಳಿಸಿ. ಒಡೆದು ಬಿದ್ದ ಆಸ್ಬೆಸ್ಟಾಸ್ ಶೀಟುಗಳನ್ನು ಪುಡಿ ಮಾಡದೆ, ನೀರು ಚಿಮುಕಿಸಿ ಎತ್ತಿಸಿ.

ಗುಜರಿಯ ದಾರಿಯಲ್ಲೇ ಬಯಲಾದ ಪ್ರಕರಣ ಕೊಡೈಕನಾಲ್‌ನದು. ಹಿಂದೂಸ್ತಾನ್ ಲಿವರ್‌ನ ಥರ್ಮಾಮೀಟರ್ ಕಾರ್ಖಾನೆಯ ಪಾದರಸ ಮೆತ್ತಿದ ಗಾಜು 2001ರಲ್ಲಿ ಊರಿನ ಗುಜರಿ ಅಂಗಡಿಯಲ್ಲಿ ಸಿಕ್ಕಿತು. ಕಾರ್ಖಾನೆ ಮುಚ್ಚಿತು, 2003ರಲ್ಲಿ ಸುಮಾರು 290 ಟನ್ ತ್ಯಾಜ್ಯ ಹಡಗಿನಲ್ಲಿ ಅಮೆರಿಕಕ್ಕೆ ಹೋಯಿತು. ಮಣ್ಣು ಉಳಿಯಿತು. ಆ ಮಣ್ಣನ್ನು ಯಾವ ಮಟ್ಟಕ್ಕೆ ಶುದ್ಧ ಮಾಡಬೇಕು ಎಂಬ ಜಗ್ಗಾಟವೇ ಎಷ್ಟೋ ವರ್ಷ ನಡೆಯಿತು. ಭೋಪಾಲದಲ್ಲೂ ಅಷ್ಟೆ. 1984ರ ದುರಂತದ ಆ ಕಾರ್ಖಾನೆಯಿಂದ 337 ಟನ್ ತ್ಯಾಜ್ಯ ಪೀಥಂಪುರಕ್ಕೆ ಹೊರಟದ್ದು 2025ರ ಜನವರಿಯಲ್ಲಿ, ನಲವತ್ತು ವರ್ಷ ಕಳೆದ ಮೇಲೆ. ಮಲಿನಗೊಂಡ ಮಣ್ಣು ಸುಮಾರು 11 ಲಕ್ಷ ಟನ್ ಎಂಬುದು ನಾಗಪುರದ ನೀರಿ ಮತ್ತು ಹೈದರಾಬಾದಿನ ಎನ್‌ಜಿಆರ್‌ಐ ಸಂಸ್ಥೆಗಳ 2010ರ ಅಂದಾಜು. ಡ್ರಮ್ಮು ಸಾಗಿಸಿದ್ದನ್ನು ಶುದ್ಧೀಕರಣ ಎಂದು ತಿಳಿಯುವವರು ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು.

ನಾವು ಹೋಗುವ ವಾರ ಮುಂಚೆ ಜೆಸಿಬಿ ಬಂದು ಮೇಲ್ಮಣ್ಣು ಕೆರೆದು ಹೊಸ ಮಣ್ಣು ಹರಡಿದ ಜಾಗಗಳೂ ಇರುತ್ತವೆ. ‘ಕ್ಲೀನ್ ಮಾಡ್ಸಿದೀವಿ ಸಾರ್’ ಎಂದು ಹೆಮ್ಮೆಯಿಂದ ಹೇಳುತ್ತಾರೆ. ಕೆರೆದ ಮಣ್ಣು ಯಾವ ಕೆರೆಯಂಗಳಕ್ಕೆ ಹೋಯಿತು ಎಂದು ಕೇಳಿ, ಬಂದ ಉತ್ತರವನ್ನು ವರದಿಯಲ್ಲಿ ಬರೆಯಿರಿ. ಉತ್ತರ ಬರದಿದ್ದರೆ ಅದನ್ನೂ ಬರೆಯಿರಿ.

9. ‘ಮಾಲಿನ್ಯವಿಲ್ಲ’ ಎಂದು ಬರೆದುಕೊಡಬೇಡಿ

ಎಲ್ಲಿ, ಎಷ್ಟು ಆಳದಲ್ಲಿ, ಏನನ್ನು ಹುಡುಕಿದೆವು, ಏನು ಸಿಕ್ಕಿತು, ಎಲ್ಲಿಗೆ ನಮ್ಮನ್ನು ಬಿಡಲಿಲ್ಲ. ವರದಿಯಲ್ಲಿ ಬರೆಯಬಹುದಾದ್ದು ಇಷ್ಟೇ. ಕೊಳ್ಳುವವರು ಹಣ ಕೊಟ್ಟರೆ ವರದಿ ದೊಡ್ಡದು ಮಾಡಲು ಕೇಳುತ್ತಾರೆ, ಬೆಲೆ ಇಳಿಸಲು ಬೇಕಲ್ಲ. ಮಾರುವವರು ಕೊಟ್ಟರೆ ಚಿಕ್ಕದು ಮಾಡಲು. ಇಬ್ಬರಿಗೂ ಒಂದೇ ವರದಿ ಕೊಡಲಾಗದಿದ್ದರೆ ಈ ಕೆಲಸ ಬಿಟ್ಟು ಬೇರೆ ಮಾಡುವುದು ಲೇಸು.

10. ಹೊಸ ನಿಯಮ ಬಂದಿದೆ, ಅದನ್ನು ನೆಚ್ಚಿಕೊಂಡು ಕೂರಬೇಡಿ

ಮಲಿನ ತಾಣಗಳಿಗೆಂದೇ ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ನಿಯಮ ಹೊರಡಿಸಿತು. ಸ್ಥಳೀಯ ಸಂಸ್ಥೆ ಅಥವಾ ಜಿಲ್ಲಾಡಳಿತ ಅನುಮಾನದ ಜಾಗಗಳನ್ನು ಪಟ್ಟಿ ಮಾಡಬೇಕು. ರಾಜ್ಯ ಮಂಡಳಿ 90 ದಿನದಲ್ಲಿ ಪ್ರಾಥಮಿಕ ಪರಿಶೀಲನೆ ಮುಗಿಸಬೇಕು, ಅಗತ್ಯ ಕಂಡರೆ ವಿವರವಾದ ಸಮೀಕ್ಷೆ. ಶುದ್ಧೀಕರಣದ ಖರ್ಚು ಕೆಡಿಸಿದವರದು. ಗಣಿಗಾರಿಕೆಯ ಮಾಲಿನ್ಯವನ್ನು ಇದರಿಂದ ಹೊರಗಿಟ್ಟಿರುವುದರಿಂದ ಕೆಜಿಎಫ್ ಚಿನ್ನದ ಗಣಿಯ ಸೈನೈಡ್ ಗುಡ್ಡಗಳ ಕಥೆ ಬೇರೆಯೇ. ನಿಯಮ ಒಳ್ಳೆಯದು, ತಡವಾಗಿ ಬಂದರೂ ಬೇಕಿತ್ತು. ಆದರೆ ಪಟ್ಟಿ ಮಾಡುವ ಸ್ಥಳೀಯ ಸಂಸ್ಥೆಗೆ ಖಾಲಿ ಶೆಡ್ಡು ಎಂದರೆ ತೆರಿಗೆ ಬಾಕಿ ಇರುವ ಆಸ್ತಿ, ಅಷ್ಟೇ. ಬಾಡಿಗೆದಾರ ಓಡಿಹೋಗಿ ಕಂಪನಿ ಮುಚ್ಚಿದ್ದರೆ ಕೆಡಿಸಿದವರನ್ನು ಹುಡುಕುವುದು ಸುಲಭವಲ್ಲ, ಕಣ್ಣಿಗೆ ಬೀಳುವವರು ಈಗಿನ ಮಾಲೀಕರು.

ಕ್ರಯಪತ್ರ ನೋಂದಣಿಗೆ ಹೋದಾಗ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಣ್ಣಿನ ವರದಿ ಕೇಳುವುದಿಲ್ಲ. ಆದ್ದರಿಂದ ಮುಂಗಡ ಕೊಡುವ ಮೊದಲೇ ನೀವು ಕೇಳಿ: ಹಳೆಯ ಕನ್ಸೆಂಟುಗಳ ಪ್ರತಿ, ಬಾಡಿಗೆದಾರರ ಪಟ್ಟಿ, ಮತ್ತು ನೆಲ ಅಗೆದು ನೋಡಲು ಒಪ್ಪಿಗೆ. ಮೊದಲೆರಡು ಸಿಗದಿದ್ದರೂ ಹೇಗೋ ಕೆಲಸ ಮಾಡಬಹುದು. ಮೂರನೆಯದಕ್ಕೆ ಒಪ್ಪದವರ ಜಾಗವನ್ನು ಕೊಳ್ಳಬೇಡಿ.